ಹಳೇ ಆಫೀಸ್ ಡಬ್ಬಕ್ಕೆ ಗ್ರಾಫಿಕ್ಸ್ ಕಾರ್ಡ್: ಎಲ್ಲ ಲೆಕ್ಕ 75 ವ್ಯಾಟ್‌ನೊಳಗೆ

ಗೇಮ್ ಆಡಲು ಗ್ರಾಫಿಕ್ಸ್ ಕಾರ್ಡ್ ಕೂರಿಸಲೆಂದು ನಾನು ಕೈಹಾಕಿದ್ದು ಡೆಲ್ ಆಪ್ಟಿಪ್ಲೆಕ್ಸ್ 9020 ಮಿನಿ ಟವರ್ ಕಂಪ್ಯೂಟರಿಗೆ. ಐ5-4590 ಪ್ರೊಸೆಸರ್, 8 ಜಿಬಿಯ ಒಂದೇ ಡಿಡಿಆರ್3 ಸ್ಟಿಕ್, 500 ಜಿಬಿ ಹಾರ್ಡ್ ಡಿಸ್ಕ್, 290 ವ್ಯಾಟ್‌ನ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ). ಆಫೀಸುಗಳು ಸಗಟಾಗಿ ಹೊರಹಾಕುವ ಡಬ್ಬ ಇದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇದೂ ಇದರ ಅಣ್ಣತಮ್ಮಂದಿರೂ ಸಾಲಾಗಿ ಕೂತಿರುತ್ತವೆ. ಈಗ ಡಬ್ಬ ಹುಡುಕುತ್ತಿರುವವರು 3ನೇ ಜನರೇಶನ್ ಪ್ರೊಸೆಸರ್ ಇರುವ ಆಪ್ಟಿಪ್ಲೆಕ್ಸ್ 7010 ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ. ಆ ಪ್ರೊಸೆಸರ್‌ಗಳಲ್ಲಿ ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಇಲ್ಲ. ಅದನ್ನು ಕೇಳುವ ಗೇಮು, ಕಾರ್ಡ್ ಎಂಥದ್ದೇ ಇರಲಿ, ತೆರೆದ ಹಾಗೇ ಮುಚ್ಚಿಕೊಳ್ಳುತ್ತದೆ.

ಕಾರ್ಡ್ ಹುಡುಕುವ ಮೊದಲು ಕ್ಯಾಬಿನೆಟ್ ಬಿಚ್ಚಿ ಎಸ್‌ಎಂಪಿಎಸ್‌ನ ವೈರುಗಳನ್ನು ನೋಡಬೇಕು. ಈ ಡೆಲ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿಗೆಂದು 6 ಪಿನ್ನಿನ ವೈರೇ ಇಲ್ಲ. ಕಾರ್ಡಿಗೆ ಸಿಗುವ ಕರೆಂಟೆಲ್ಲ ಅದನ್ನು ಸಿಕ್ಕಿಸುವ ಮದರ್‌ಬೋರ್ಡಿನ ಸ್ಲಾಟಿನಿಂದಲೇ, ಮತ್ತು ಸ್ಲಾಟಿನ ಮಿತಿ 75 ವ್ಯಾಟ್: 12 ವೋಲ್ಟಿನಲ್ಲಿ 5.5 ಆಂಪಿಯರ್, ಅಂದರೆ 66 ವ್ಯಾಟ್. ಉಳಿದ ಚೂರು 3.3 ವೋಲ್ಟಿನಲ್ಲಿ. ಪ್ರೊಸೆಸರ್ 84 ವ್ಯಾಟ್ ಎಂದಿಟ್ಟುಕೊಂಡರೂ ಎರಡೂ ಸೇರಿ 159. ಬೋರ್ಡ್, ಡಿಸ್ಕ್, ಫ್ಯಾನ್ ಸೇರಿಸಿದರೂ 290ರೊಳಗೆ ಆರಾಮಾಗಿ ನಿಲ್ಲುತ್ತದೆ.

ಇಲ್ಲಿ ಅಂಗಡಿಯವರು ಸಾಟಾದಿಂದ (ಡಿಸ್ಕಿಗೆ ಕರೆಂಟ್ ಕೊಡುವ ವೈರಿನಿಂದ) 6 ಪಿನ್‌ಗೆ ಹೋಗುವ ಕನ್ವರ್ಟರ್ ತೋರಿಸುತ್ತಾರೆ. ಬೇಡ ಅನ್ನಿ. ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟಿಗೆ ಇರುವುದು ಮೂರೇ ಪಿನ್, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 54 ವ್ಯಾಟ್. 6 ಪಿನ್ ಕಾರ್ಡು ಅಲ್ಲಿಂದ 75 ವ್ಯಾಟ್‌ವರೆಗೆ ಎಳೆಯಬಹುದು. ಮೊದಲು ಕರಗುವುದು ಆ ತೆಳ್ಳನೆಯ ಕಪ್ಪು ಪ್ಲಾಸ್ಟಿಕ್. ಎಸ್‌ಎಂಪಿಎಸ್ಸನ್ನೇ ಬದಲಿಸಬಹುದಲ್ಲ ಎಂದರೆ, 9020ರ ಬೋರ್ಡಿನಲ್ಲಿ ಮಾಮೂಲಿ ಎಸ್‌ಎಂಪಿಎಸ್ ಸಿಕ್ಕಿಸುವ 24 ಪಿನ್ ಕನೆಕ್ಟರ್ ಇಲ್ಲ, ಡೆಲ್‌ನದೇ 8 ಪಿನ್ ಇದೆ. 24ರಿಂದ 8ಕ್ಕೆ ಅಡಾಪ್ಟರ್ ಬೇರೆ ತರಬೇಕು. ಅಷ್ಟು ಮಾಡಿ ದೊಡ್ಡ ಕಾರ್ಡ್ ಕೂರಿಸಿದರೆ ನಾಲ್ಕು ಕೋರಿನ ಐ5 ಅದಕ್ಕೆ ಕೆಲಸ ಒದಗಿಸಲಾರದೆ ಏದುಸಿರು ಬಿಡುತ್ತದೆ. ಮೂಗಿಗಿಂತ ಮೂಗುತಿ ಭಾರ.

75 ವ್ಯಾಟ್‌ನೊಳಗೆ ನಾನು ಆರಿಸಿದ್ದು 6 ಪಿನ್ ಇಲ್ಲದ ಜಿಟಿಎಕ್ಸ್ 1650, 4 ಜಿಬಿ. 1650ಯಲ್ಲೇ 6 ಪಿನ್ ಇರುವ ಮಾಡೆಲ್‌ಗಳೂ ಇವೆ. ಹೆಸರು ನಂಬದೆ ಕಾರ್ಡಿನ ಮೇಲಂಚನ್ನು ಕಣ್ಣಾರೆ ನೋಡಿ. 1050 ಟಿಐ ಇನ್ನೂ ಅಗ್ಗ, ಆದರೆ ಎನ್ವಿಡಿಯಾ ಆ ಪೀಳಿಗೆಗೆ ಹೊಸ ಗೇಮ್ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿತು. ಆರ್‌ಎಕ್ಸ್ 6400 ಬರೀ 53 ವ್ಯಾಟ್ ಕುಡಿಯುತ್ತದೆ, ನೋಡಲು ಇದಕ್ಕೇ ಮಾಡಿಸಿದ ಹಾಗಿದೆ. ಮೋಸ ಇರುವುದು ಅಲ್ಲೇ: ಅದಕ್ಕಿರುವುದು ನಾಲ್ಕೇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಓಡಾಡುವ ದಾರಿ). ಹೊಸ ಬೋರ್ಡಿನ ಪಿಸಿಐಇ 4.0 ಸ್ಲಾಟಿನಲ್ಲಿ ಸರಿ, ಈ 3.0 ಸ್ಲಾಟಿನಲ್ಲಿ ದಾರಿ ಸೆಕೆಂಡಿಗೆ ಸುಮಾರು 4 ಜಿಬಿಗೆ ಇಳಿಯುತ್ತದೆ, 16 ಲೇನಿನ 1650ಗೆ ಸುಮಾರು 16. ಕಾರ್ಡಿನ 4 ಜಿಬಿ ತುಂಬಿ ಟೆಕ್ಸ್‌ಚರ್‌ಗಳು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳು) ರ‍್ಯಾಮಿನಿಂದ ಓಡಾಡತೊಡಗಿದಾಗ ಆಟ ತಡವರಿಸುತ್ತದೆ. ಇಂಟೆಲ್ ಆರ್ಕ್ ಎ380ಗೆ ರಿಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಟ್ಟಿಗೆ ತಲುಪುವ ಸೌಲಭ್ಯ) ಬೇಕು, ಅದು ಈ ಬೋರ್ಡಿನಲ್ಲಿಲ್ಲ. ಜಿಟಿ 1030 ಕೊಳ್ಳುವವರು ಡಿಡಿಆರ್4 ಅನ್ನೋದು ಕಂಡರೆ ವಾಪಸ್ ಇಟ್ಟುಬಿಡಿ. ಜಿಡಿಡಿಆರ್5 ಇರುವುದರ ಮೆಮೊರಿ ವೇಗ ಸೆಕೆಂಡಿಗೆ 48 ಜಿಬಿ, ಡಿಡಿಆರ್4 ಇರುವುದರದು 16.8. ಡಬ್ಬದ ಮೇಲಿನ ಹೆಸರು ಮಾತ್ರ ಒಂದೇ. ಕೈ ಸ್ವಲ್ಪ ಧಾರಾಳ ಇದ್ದರೆ 70 ವ್ಯಾಟ್‌ನ ಆರ್‌ಟಿಎಕ್ಸ್ 3050 6 ಜಿಬಿ ನೋಡಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅಂಗಡಿಯಲ್ಲೇ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ಓಡಿಸಿ. ಹಳೇ ಕಾರ್ಡಿನ ಬಯಾಸ್ (ಒಳಗಿನ ಮೂಲ ಸಾಫ್ಟ್‌ವೇರ್) ಬದಲಿಸಿ 1050 ಟಿಐ ಎಂದು ಮಾರುವ ನಕಲಿಗಳ ಹೆಸರಿನ ಮುಂದೆ ಅದು ಫೇಕ್ ಎಂದೇ ಬರೆಯುತ್ತದೆ. ‘1050 ಟಿಐ’ ಎನ್ನುವ ಕಾರ್ಡಿನ ಹಿಂದೆ ನೀಲಿ ವಿಜಿಎ ಪೋರ್ಟ್ ಕಂಡರೆ ಸಾಫ್ಟ್‌ವೇರ್ ಕೂಡ ಬೇಡ, ಎದ್ದು ಬನ್ನಿ.

ಕೂರಿಸುವ ಕೆಲಸ ಹತ್ತು ನಿಮಿಷದ್ದು. ಆನ್‌ಬೋರ್ಡ್ ಡಿಸ್‌ಪ್ಲೇ ಇರುವಾಗಲೇ ಡೆಲ್ ಸೈಟಿನಿಂದ ಕೊನೆಯ ಬಯಾಸ್ ಹಾಕಿಕೊಂಡೆ. ಕರೆಂಟಿನ ವೈರ್ ಕಿತ್ತು, ಸ್ವಿಚ್ಚನ್ನು ಐದಾರು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ಚಾರ್ಜ್ ಖಾಲಿ. ಈ ಬೋರ್ಡಿನಲ್ಲಿ ಉದ್ದನೆಯ ಸ್ಲಾಟ್ ಎರಡಿವೆ. ಪ್ರೊಸೆಸರ್ ಪಕ್ಕದ ನೀಲಿಯದೇ ನಿಜವಾದ 16 ಲೇನಿನದು. ಕೆಳಗಿನ ಕಪ್ಪು ಸ್ಲಾಟ್ ಉದ್ದ ಇದ್ದರೂ ಒಳಗೆ ನಾಲ್ಕೇ ಲೇನ್. ಜಾಗ ಸಲೀಸು ಎಂದು ಕಪ್ಪಿಗೆ ಹಾಕಿದರೆ 1650ಗೂ 6400ರ ಗತಿಯೇ. ಎರಡು ಸ್ಲಾಟಿನಷ್ಟು ದಪ್ಪದ ಕಾರ್ಡಾದ್ದರಿಂದ ಕ್ಯಾಬಿನೆಟ್ ಹಿಂಬದಿಯ ಎರಡು ಲೋಹದ ಪಟ್ಟಿ ತೆಗೆಯಬೇಕು. ಸಾಟಾ ಕೇಬಲ್ ಕಾರ್ಡಿನ ಫ್ಯಾನಿಗೆ ತಾಗದಂತೆ ಕಟ್ಟಿ. ಸ್ಲಾಟಿನ ತುದಿಯ ಲ್ಯಾಚ್ ‘ಟಕ್’ ಅಂದ ಮೇಲೂ ಬ್ರಾಕೆಟ್ ಕಡೆ ಕಣ್ಣು ಹಾಯಿಸಿ: ಚಿನ್ನದ ಬಣ್ಣದ ಪಟ್ಟಿ ಒಂದು ಮಿಲಿಮೀಟರ್ ಓರೆಯಾಗಿ ಮೇಲೆ ಕಂಡರೂ ಡಿಸ್‌ಪ್ಲೇ ಬಾರದಿರಬಹುದು.

‘ಕಾರ್ಡ್ ಸತ್ತಿದೆ’ ಎಂಬ ದೂರುಗಳಲ್ಲಿ ಎಷ್ಟೋ ಸಲ ಕೇಬಲ್ ಇನ್ನೂ ಮದರ್‌ಬೋರ್ಡಿನ ಪೋರ್ಟಿನಲ್ಲೇ ಇರುತ್ತದೆ. ಮಾನಿಟರ್ ವಿಜಿಎ ಮಾತ್ರದ್ದಾದರೆ 1650ರ ಡಿವಿಐ-ಡಿಗೆ ಅಗ್ಗದ ಪಿನ್ ಬದಲಿಸುವ ಅಡಾಪ್ಟರ್ ನಡೆಯದು, ಆ ಪೋರ್ಟಿನಲ್ಲಿ ವಿಜಿಎಗೆ ಬೇಕಾದ ಅನಲಾಗ್ ಸಿಗ್ನಲ್ಲೇ ಇಲ್ಲ. ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು.

ಡ್ರೈವರ್ ಹಾಕಿದ ಮೇಲೆ ಜಿಪಿಯು-ಝಡ್‌ನ ಬಸ್ ಇಂಟರ್‌ಫೇಸ್ ಸಾಲಿನಲ್ಲಿ 1.1 ಎಂದು ಕಂಡರೆ ಗಾಬರಿ ಬೇಡ. ಸುಮ್ಮನಿದ್ದಾಗ ಕಾರ್ಡ್ ಕೊಂಡಿಯನ್ನು ನಿಧಾನ ಮಾಡುತ್ತದೆ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿದಾಗ 16 ಲೇನ್, 3.0 ಬರಬೇಕು. ಲೇನ್ 8 ಅಥವಾ 4 ತೋರಿಸಿದರೆ ಕಾರ್ಡ್ ಬಿಚ್ಚಿ, ಚಿನ್ನದ ಬಣ್ಣದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಮತ್ತೆ ಕೂರಿಸಿ.

ಇಷ್ಟಾದರೂ ಆಟ ಆಗಾಗ ಗಕ್ಕನೆ ನಿಲ್ಲುತ್ತಿದ್ದರೆ ಕಾರ್ಡನ್ನು ಬೈಯಬೇಡಿ, ಒಂಟಿ ರ‍್ಯಾಮನ್ನು ನೋಡಿ. ಒಂದು 1600ರ ಸ್ಟಿಕ್ ಸೆಕೆಂಡಿಗೆ 12.8 ಜಿಬಿ ಸಾಗಿಸಿದರೆ ಎರಡು ಚಾನೆಲ್‌ಗೆ 25.6. ಅಷ್ಟೇ ವೇಗದ ಇನ್ನೊಂದು 8 ಜಿಬಿ ಹಾಕಿ ಸಿಪಿಯು-ಝಡ್‌ನ ಮೆಮೊರಿ ಟ್ಯಾಬ್‌ನಲ್ಲಿ ಡ್ಯುಯಲ್ ಎಂದು ಬರುವುದನ್ನು ಖಚಿತ ಮಾಡಿಕೊಂಡೆ. ಅಲ್ಲಿ ವೇಗ 798 ಎಂದು ಕಂಡರೆ ಅದೇ ಸರಿ, ಡಿಡಿಆರ್ ಆದ್ದರಿಂದ ಎರಡರಿಂದ ಗುಣಿಸಬೇಕು. ಸರ್ವರ್‌ನಿಂದ ಕಿತ್ತ ರಿಜಿಸ್ಟರ್ಡ್ ಸ್ಟಿಕ್ ಅಗ್ಗ ಅಂತ ತಂದರೆ ಡಬ್ಬ ಆನ್ ಆಗುವುದೇ ಇಲ್ಲ. ಗೇಮುಗಳನ್ನು ಎಸ್‌ಎಸ್‌ಡಿಗೆ ಸಾಗಿಸಿ, ಅದು ಹೇಳುವ ಮಾತೇ ಅಲ್ಲ.

ಹೊರೆ ಎಷ್ಟಿದೆ ಎಂದು ತೋರಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ತೆರೆದಿಟ್ಟು ಆಡುವಾಗ ಪ್ರೊಸೆಸರ್ ಶೇಕಡಾ 100ರಲ್ಲಿ, ಕಾರ್ಡ್ 60-70ರಲ್ಲಿ ಇದ್ದರೆ ಗ್ರಾಫಿಕ್ಸ್ ತಗ್ಗಿಸಿ ಲಾಭವಿಲ್ಲ. ಫ್ರೇಮನ್ನು ಸೆಕೆಂಡಿಗೆ 60ಕ್ಕೆ ಕಟ್ಟಿಹಾಕಿ, ಜನಜಂಗುಳಿ ಮತ್ತು ದೂರದ ನೋಟದ ಸೆಟ್ಟಿಂಗ್ ಇಳಿಸಿ. ಹೊರೆ ಇರುವುದು ಅಲ್ಲಿ. ಟೆಕ್ಸ್‌ಚರ್ ಮಾತ್ರ 4 ಜಿಬಿ ಮೀರದಂತೆ ಮಧ್ಯಮದಲ್ಲಿರಲಿ.

ಒಂದು ಕಗ್ಗಂಟಿಗೆ ಯಾವ ಕಾರ್ಡೂ ಪರಿಹಾರವಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 4ನೇ ಜನರೇಶನ್ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, 9020ರಲ್ಲಿರುವ ಟಿಪಿಎಂ (ಭದ್ರತಾ ಚಿಪ್) 1.2. ಅಡ್ಡದಾರಿಯಲ್ಲಿ 11 ಹಾಕಬಹುದು, ಆದರೆ ಅದರ ಮೇಲೆ ವ್ಯಾಲರಂಟ್ ಎಂಬ ಗೇಮು ಟಿಪಿಎಂ 2.0 ಕೇಳುತ್ತದೆ. ಮನೆಯ ಹುಡುಗರು ಆಡುವುದು ಅದನ್ನೇ ಆದರೆ ಕಾರ್ಡಿಗೆ ದುಡ್ಡು ಕೊಡುವ ಮುಂಚೆ ಕೇಳಿಕೊಳ್ಳಿ.