ಸೆಂಟ್‌ಒಎಸ್ 7ರಿಂದ ಆಲ್ಮಾಗೆ: ಹಳೆ ಸರ್ವರ್ ಬಿಸಾಡದೆ ದಾಟಿದ್ದು

ಸರ್ವರ್‌ಗಳಲ್ಲಿ ಓಡುವ ಸೆಂಟ್‌ಒಎಸ್ 7 ಅನ್ನುವ ಲಿನಕ್ಸ್‌ಗೆ 2024ರಲ್ಲಿ ಅಪ್‌ಡೇಟ್ ನಿಂತಿತು. "ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕು, ಇಲ್ಲಾಂದ್ರೆ ಹೊಸ ಸರ್ವರ್ ಕೊಡಿಸು" ಅಂತ ಬೆಂಗಳೂರಿನ ಗೆಳೆಯರೆಲ್ಲ ಹೇಳಿದ್ದರು. ನಾನು ಎರಡೂ ಮಾಡಲಿಲ್ಲ. ಶಿವಮೊಗ್ಗ ಸುತ್ತಮುತ್ತ ನಾನು ನೋಡಿಕೊಳ್ಳುವ ಹತ್ತು ಹನ್ನೆರಡು ಸೆಂಟ್‌ಒಎಸ್ 7 ಯಂತ್ರಗಳು ಈಗ ಅದರ ಜಾಗಕ್ಕೆ ಬಂದ ಆಲ್ಮಾಲಿನಕ್ಸ್ 8ರಲ್ಲಿ ಓಡುತ್ತಿವೆ. ಅದೇ ಡಬ್ಬ, ಅದೇ ಡಿಸ್ಕ್. ವರ್ಷದ ಮೇಲಾಯಿತು, ಒಂದೂ ಮಲಗಿಲ್ಲ.

ಗಿರಾಕಿಗಳೆಲ್ಲ ಅಡಿಕೆ ಮಂಡಿ, ಸೌಹಾರ್ದ ಸಹಕಾರಿ, ಇಂಥವರು. ಸರ್ವರ್ ಅಂದರೆ 2011–12ರ ಕಾಲದ ಸೆಕೆಂಡ್ ಹ್ಯಾಂಡ್ ಯಂತ್ರ. ಹೊಸದಕ್ಕೆ ಒಂದೂವರೆ ಲಕ್ಷ ಅಂದರೆ "ಸೀಸನ್ ಮುಗೀಲಿ ನೋಡೋಣ" ಅನ್ನುತ್ತಾರೆ. ಆ ಸೀಸನ್ ಯಾವತ್ತೂ ಮುಗಿಯುವುದಿಲ್ಲ.

ಸೆಂಟ್‌ಒಎಸ್‌ನವರೇ ಮುಂದಕ್ಕೆ ಅಂತ ಕೊಟ್ಟ ಸೆಂಟ್‌ಒಎಸ್ ಸ್ಟ್ರೀಮ್ ಕಡೆ ನಾನು ತಲೆ ಹಾಕಲಿಲ್ಲ. ಸ್ಟ್ರೀಮ್ 8ಕ್ಕೆ ಹಾರಿದವರ ಗತಿ ನೋಡಿದಿರಲ್ಲ? ಅದು 2024ರ ಮೇ 31ಕ್ಕೇ ಮುಗಿಯಿತು. ಅವರು ಬಿಟ್ಟು ಬಂದ ಸೆಂಟ್‌ಒಎಸ್ 7ಕ್ಕೆ ಜೂನ್ 30ರವರೆಗೆ ಆಯಸ್ಸಿತ್ತು! ಡೆಬಿಯನ್ 12 ಅನ್ನುವ ಬೇರೆ ಬಗೆಯ ಲಿನಕ್ಸನ್ನು ಒಂದು ಯಂತ್ರದಲ್ಲಿ ಹಾಕಿ ನೋಡಿದೆ, ಬಲು ಚೆನ್ನಾಗಿದೆ. ಆದರೆ ಮಂಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಬರುವುದು ಆರ್‌ಪಿಎಂನಲ್ಲಿ (ರೆಡ್ ಹ್ಯಾಟ್ ಕಡೆಯ ಲಿನಕ್ಸ್‌ಗಳ ಪ್ಯಾಕೇಜ್) ಮಾತ್ರ. ಏಲಿಯನ್ ಅನ್ನುವ ಟೂಲ್‌ನಲ್ಲಿ ಡೆಬಿಯನ್ ಪ್ಯಾಕೇಜಿಗೆ ತಿರುಗಿಸಿ ಒಂದು ವಾರ ಗುದ್ದಾಡಿ ಕೈಬಿಟ್ಟೆ.

ಉಳಿದದ್ದು ರಾಕಿ ಮತ್ತು ಆಲ್ಮಾ, ಎರಡೂ ರೆಡ್ ಹ್ಯಾಟ್ ಕಂಪನಿಯ ದುಡ್ಡಿನ ಲಿನಕ್ಸನ್ನು ನೋಡಿ ಕಟ್ಟಿದ ಪುಕ್ಕಟೆ ಲಿನಕ್ಸ್‌ಗಳು. ರಾಕಿ ಮೇಲೆ ನನಗೆ ಗೌರವ ಜಾಸ್ತಿ, ಸೆಂಟ್‌ಒಎಸ್ ಕಟ್ಟಿದವರಲ್ಲಿ ಒಬ್ಬರಾದ ಗ್ರೆಗರಿ ಕರ್ಟ್ಜರ್ ಅವರೇ ಶುರು ಮಾಡಿದ್ದು. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್, ಇನ್ನು ಮುಂದೆ ಸಾರ್ವಜನಿಕರಿಗೆ ತನ್ನ ಲಿನಕ್ಸ್‌ನ ಸೋರ್ಸ್ ಕೋಡ್ ಸೆಂಟ್‌ಒಎಸ್ ಸ್ಟ್ರೀಮ್ ಮೂಲಕ ಮಾತ್ರ ಅಂದಿತು. ರಾಕಿ ರೆಡ್ ಹ್ಯಾಟ್‌ನ ತದ್ರೂಪವಾಗಿಯೇ ಉಳಿಯುವ ಹಟ ಹಿಡಿಯಿತು. ಆಲ್ಮಾ ಹಟ ಬಿಟ್ಟಿತು, ಅದೇ ಸಾಫ್ಟ್‌ವೇರ್ ಓಡಿದರೆ ಸಾಕು ಅಂದಿತು. ಆಲ್ಮಾ ಕತೆ ಮುಗೀತು ಅಂತ ಎಲ್ಲರೂ ಆಡಿಕೊಂಡರು. ನನಗೆ ಲಾಭವಾದದ್ದು ಅಲ್ಲೇ.

ಯಾಕೆ ಅಂದರೆ ನನ್ನ ತಲೆನೋವು ರೇಡ್ ಕಾರ್ಡ್, ಅಂದರೆ ಡಿಸ್ಕ್‌ಗಳನ್ನು ನೋಡಿಕೊಳ್ಳುವ ಕಾರ್ಡ್. ಎಲಿವೇಟ್ (7ರಿಂದ 8ಕ್ಕೆ ದಾಟಿಸುವ ಆಲ್ಮಾದವರ ಟೂಲ್) ಹಾಕಿ ಅದರ ಲೀಪ್ ಕಮಾಂಡ್ ಓಡಿಸಿದರೆ ಎಲ್ಲ ಸರಿಯಾಗೇ ಸಾಗುತ್ತದೆ. ಪಾಟಾ ಎಸಿಪಿಐ ಡ್ರೈವರ್ ಇಳಿಸಿ, ಪಾಮ್ ಪಿಕೆಸಿಎಸ್11 ಅನ್ನುವ ಲಾಗಿನ್ ಮಾಡ್ಯೂಲ್ ಬಗ್ಗೆ ಕೇಳುವ ಪ್ರಶ್ನೆಗೆ ಹೂಂ ಅನ್ನಿ, ನೆಟ್‌ವರ್ಕ್ ಕಾರ್ಡ್‌ಗಳ ಎತ್0 ಎತ್1 ಹೆಸರು ಬದಲಿಸಿ, ಇದೆಲ್ಲ ಮಾಮೂಲಿ. ರೀಬೂಟ್ ಆದ ಮೇಲೆ ಮಾತ್ರ ಬೂಟ್ ಕೆಟ್ಟಾಗ ಬರುವ ಡ್ರಾಕಟ್ ಶೆಲ್‌ನಲ್ಲಿ ನಿಲ್ಲುತ್ತಿತ್ತು. ಡಿಸ್ಕೇ ಕಾಣುತ್ತಿರಲಿಲ್ಲ. 8ನೇ ಆವೃತ್ತಿಯ ಮೆಗಾರೇಡ್ ಡ್ರೈವರ್‌ನಿಂದ ಹಳೆ ಕಾರ್ಡ್‌ಗಳ ಐಡಿಗಳನ್ನು ಕಿತ್ತುಹಾಕಿದ್ದಾರೆ. ಡ್ರೈವರ್ ಇದೆ, ನಮ್ಮ ಕಾರ್ಡನ್ನು ಮಾತ್ರ ಗುರುತಿಸಲ್ಲ. ಎಲ್‌ರೆಪೊ ಅನ್ನುವ ಹೊರಗಿನ ಭಂಡಾರದ ಕೆಮಾಡ್ (ಡ್ರೈವರ್ ಪ್ಯಾಕೇಜ್) ಹಾಕಿ ಎರಡು ಯಂತ್ರ ಎಬ್ಬಿಸಿದೆ. ಆದರೆ ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಎದೆ ಢವಢವ. ಸಾಗರ ಪಟ್ಟಣಕ್ಕೆ ಹೋಗಿಬರುವ ಪೆಟ್ರೋಲ್ ಲೆಕ್ಕ ಹಾಕಿದರೆ ಕೈಯಿಂದಲೇ ಹೋಗುತ್ತಿತ್ತು.

2024ರ ಮೇನಲ್ಲಿ ಬಂದ ಆಲ್ಮಾ 8.10ರಲ್ಲಿ ಅವರೇ ಆ ಹಳೆ ಐಡಿಗಳನ್ನು ವಾಪಸ್ ಸೇರಿಸಿದರು. ತದ್ರೂಪ ಆಗಬೇಕೆಂಬ ಹಟ ಇದ್ದಿದ್ದರೆ ಹೀಗೆ ಮಾಡಲು ಬರುತ್ತಿರಲಿಲ್ಲ. ಅಲ್ಲಿಂದ ನನ್ನ ಕೆಲಸ ಸಲೀಸಾಯಿತು. ಭಾನುವಾರ ಬೆಳಗ್ಗೆ ಕೂತರೆ ಊಟದ ಹೊತ್ತಿಗೆ ಒಂದು ಯಂತ್ರ ಮುಗಿಯುತ್ತದೆ. ಮೊದಲ ರೀಬೂಟ್‌ಗೆ ಮುಂಚೆ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟ್ ಶುರುವಿಗೆ ಬೇಕಾದ ಡ್ರೈವರ್‌ಗಳಿರುವ ಫೈಲ್) ನಾನು ಒಂದು ಸಣ್ಣ ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು ಸ್ವಾಮಿ. ಸೆಂಟ್‌ಒಎಸ್ 7ರ ಪ್ಯಾಕೇಜ್ ಸಿಗುವ ತಾಣಗಳ ಪಟ್ಟಿ, ಮಿರರ್‌ಲಿಸ್ಟ್, ಸತ್ತುಹೋಗಿದೆ; ಪ್ಯಾಕೇಜ್ ತರುವ ಯಮ್ ಅನ್ನು ವಾಲ್ಟ್ (ಹಳೆ ಪ್ಯಾಕೇಜ್‌ಗಳ ಸಂಗ್ರಹ) ಕಡೆ ತಿರುಗಿಸದೆ ಶುರುವೇ ಮಾಡಬೇಡಿ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದವರು ಮಾತ್ರ ಇದನ್ನು ನಿಧಾನವಾಗಿ ಓದಿ. ಎಲ್ಲ ಪ್ರೋಗ್ರಾಂಗಳು ಬಳಸುವ ಮೂಲ ಲೈಬ್ರರಿ ಜಿಲಿಬ್‌ಸಿ 7ರಲ್ಲಿ 2.17, 8ರಲ್ಲಿ 2.28. ಈ ನಡುವೆ ಅಕ್ಷರ ಜೋಡಿಸುವ ಕ್ರಮವೇ ಬದಲಾಗಿದೆ. ಪೋಸ್ಟ್‌ಗ್ರೆಸ್‌ನ ಪಿಜಿ ಅಪ್‌ಗ್ರೇಡ್ ಟೂಲ್ ಹಳೆ ಕ್ರಮದ ಇಂಡೆಕ್ಸ್ ಫೈಲನ್ನು ಹಾಗೇ ಎತ್ತಿಕೊಂಡು ಬರುತ್ತದೆ. ಟೆಸ್ಟ್ ಯಂತ್ರದಲ್ಲಿ ಸಹಕಾರಿಯ ಸದಸ್ಯರ ಪಟ್ಟಿ ಹಾಕಿ ಹುಡುಕಿದೆ. ಕಣ್ಣೆದುರೇ ಇರುವ ಹೆಸರು "ಇಲ್ಲ" ಅಂತ ಬರುತ್ತಿತ್ತು! ಎರರ್ ಇಲ್ಲ, ಲಾಗ್‌ನಲ್ಲಿ ಏನೂ ಇಲ್ಲ. ಅಸಲು ಯಂತ್ರದಲ್ಲಿ ಹೀಗಾಗಿದ್ದರೆ ಒಂದೇ ಸದಸ್ಯನನ್ನು ಎರಡು ಸಲ ಸೇರಿಸಿ ಕೂತಿರುತ್ತಿದ್ದರು. ರೀಇಂಡೆಕ್ಸ್ ಹೊಡೆದರೆ ಸರಿಹೋಗುತ್ತದೆ. ನಾನು ಡಂಪ್ ತೆಗೆದು ಹೊಸದಾಗಿಯೇ ತುಂಬುತ್ತೇನೆ. ಅರ್ಧ ಗಂಟೆ ಜಾಸ್ತಿ ಹೋಗುತ್ತದೆ, ಹೋಗಲಿ.

ಸುಮ್ನೆ ಇರಲಾರದೆ ಮನೆಯ ಹಳೆ ಕೋರ್ 2 ಡುಯೋದಲ್ಲಿ ಆಲ್ಮಾ 9 ಹಾಕಲು ಹೋದೆ. ಪ್ರೊಸೆಸರ್ ಸಾಲದು ಅಂತ ಜಿಲಿಬ್‌ಸಿ ಬಾಗಿಲಲ್ಲೇ ತಡೆಯಿತು. 9ಕ್ಕೆ ಎಕ್ಸ್86-64-ವಿ2 ಮಟ್ಟದ ಪ್ರೊಸೆಸರ್ ಬೇಕು, ಕೋರ್ 2 ಡುಯೋದಲ್ಲಿ ಅದಕ್ಕೆ ಬೇಕಾದ ಎಸ್‌ಎಸ್‌ಇ4.2 ಇಲ್ಲ. ಮಂಡಿಯ ಕ್ಸಿಯಾನ್‌ಗಳಿಗೆ ಆ ತೊಂದರೆ ಇಲ್ಲ.

ದುಡ್ಡಿನ ವಿಷಯ. ಯಂತ್ರಕ್ಕೆ ಸುಮಾರು 8 ಸಾವಿರ ತಗೊಂಡೆ, ಪೋಸ್ಟ್‌ಗ್ರೆಸ್ ಇದ್ದರೆ 11. ಬ್ಯಾಕಪ್ ಡಿಸ್ಕ್ ಗಿರಾಕಿಯದೇ. ಎಲ್ಲ ಸೇರಿ ಒಂದು ಲಕ್ಷದ ಆಸುಪಾಸು ಬಂತು. ಇಡೀ ಸಹಕಾರಿಯ ಖರ್ಚು ಒಂದು ಹೊಸ ಸರ್ವರ್‌ನ ಬೆಲೆಯ ಕಾಲು ಭಾಗವೂ ಆಗಲಿಲ್ಲ. ಆಲ್ಮಾ 8ಕ್ಕೆ 2029ರವರೆಗೆ ಸುರಕ್ಷತಾ ಅಪ್‌ಡೇಟ್ ಇದೆ. ಈಗ ಬೆಂಗಳೂರಿನ ಗೆಳೆಯರಲ್ಲಿ ಇಬ್ಬರು ತಮ್ಮ ಯಂತ್ರಗಳ ರೇಡ್ ಕಾರ್ಡ್ ಐಡಿ ಕಳಿಸಿ "ನಮ್ಮದಕ್ಕೆ ಆಗುತ್ತಾ?" ಅಂತ ಕೇಳಿದ್ದಾರೆ. ಅವರಿಗೆ 12 ಸಾವಿರ.