ಸೇನೆಯಲ್ಲಿ ಸಲಿಂಗಿಗಳು: ಚರ್ಚಾಸ್ಪರ್ಧೆಗೆ ಸಿದ್ಧರಾಗುವ ಬಗೆ

ಸಲಿಂಗಿಗಳು ತಮ್ಮ ಗುರುತನ್ನು ಮುಚ್ಚಿಡದೆ ಸೇನೆಯಲ್ಲಿ ಸೇವೆ ಸಲ್ಲಿಸಬಹುದೇ ಎಂಬ ವಿಷಯವನ್ನು ಕಾರವಾರದ ಕಾಲೇಜೊಂದರಲ್ಲಿ ಚರ್ಚೆಗೆ ಇಡುವಾಗ, ಅರಗಾದ ಕದಂಬ ನೌಕಾನೆಲೆಯಲ್ಲಿ ದುಡಿಯುವವರ ಮನೆಯ ಮಕ್ಕಳು ಸಭೆಯಲ್ಲಿ ಇರುತ್ತಾರೆಂದೇ ಎಣಿಸಿ ಸಿದ್ಧತೆ ಮಾಡಿಕೊಳ್ಳಿ. ಪರಮವೀರ ಚಕ್ರ ಪಡೆದ ಮೇಜರ್ ರಾಮ ರಾಘೋಬಾ ರಾಣೆ ಅವರ ಚೆಂಡಿಯಾ ಇಲ್ಲಿಗೆ ಹತ್ತಿರದ ಊರು. ಸೈನಿಕರ ಮೇಲಿನ ಗೌರವವನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎರಡೂ ಪಕ್ಷದವರು ಅದನ್ನು ಒಪ್ಪಿಕೊಂಡೇ ಮಾತು ಆರಂಭಿಸಬೇಕು.

ಮೊದಲು ಪದವನ್ನು ಆರಿಸಿಕೊಳ್ಳಿ. ಪತ್ರಿಕೆಗಳಲ್ಲಿ ‘ಸಲಿಂಗಕಾಮಿ’ ಎಂಬ ಪದವೇ ಹೆಚ್ಚು ಬಳಕೆಯಲ್ಲಿದ್ದರೂ, ಅದು ಇಡೀ ಮನುಷ್ಯನನ್ನು ಕಾಮಕ್ಕೆ ಇಳಿಸುವುದರಿಂದ ‘ಸಲಿಂಗಿ’ ಎನ್ನುವುದೇ ಸರಿಯೆಂದು ನನಗೆ ತೋರುತ್ತದೆ. ಲಿಂಗಪರಿವರ್ತನೆಯ ಪ್ರಶ್ನೆ ಬೇರೆಯದು, ಅದನ್ನು ಇದರೊಂದಿಗೆ ಬೆರೆಸಬೇಡಿ.

ಆಮೇಲೆ ಕಾನೂನನ್ನು ಓದಿ. ಹೆಚ್ಚಿನ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. ಆದರೆ ಸಂವಿಧಾನದ 33ನೇ ವಿಧಿಯು ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1950ರ ಸೇನಾ ಕಾಯ್ದೆಯ 46ನೇ ಕಲಮು ‘ಅಸ್ವಾಭಾವಿಕ’ ಎನಿಸುವ ಲಜ್ಜಾಸ್ಪದ ನಡತೆಗೆ ಏಳು ವರ್ಷದವರೆಗೆ ಸೆರೆಮನೆ ವಾಸವನ್ನು ವಿಧಿಸಬಹುದು ಎನ್ನುತ್ತದೆ. 2019ರ ಜನವರಿಯಲ್ಲಿ ಅಂದಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರು, ಸೇನೆಯಲ್ಲಿ ಇದಕ್ಕೆ ಅವಕಾಶವಿಲ್ಲ, ಇಂಥವುಗಳ ಮೇಲೆ ಸೇನಾ ಕಾಯ್ದೆಯಡಿಯೇ ಕ್ರಮವಾಗುತ್ತದೆ ಎಂದು ಸ್ಪಷ್ಟಪಡಿಸಿದರು. ಕಾರವಾರದ ಉದಾಹರಣೆ ಕೊಡುವವರು ಇನ್ನೊಂದನ್ನು ಗಮನಿಸಬೇಕು: ಇಲ್ಲಿಯ ನಾವಿಕರಿಗೆ ಅನ್ವಯಿಸುವುದು ಸೇನಾ ಕಾಯ್ದೆಯಲ್ಲ, 1957ರ ನೌಕಾಪಡೆ ಕಾಯ್ದೆ.

ವಿರೋಧದ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಬರೆದುಕೊಳ್ಳಿ. ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ಇಟ್ಟಿರುವ ಚಾಪಲ್ ಯುದ್ಧನೌಕೆಯ ಒಳಗೆ ಒಮ್ಮೆ ಹೋಗಿ ನಿಂತು ಬಂದರೆ, ಮಲಗುವ ಜಾಗ ಎಷ್ಟು ಇಕ್ಕಟ್ಟು, ಒಬ್ಬರ ಭುಜ ತಾಗದೆ ಇನ್ನೊಬ್ಬರು ದಾಟುವುದು ಎಷ್ಟು ಕಷ್ಟ ಎಂಬುದು ಕಣ್ಣಿಗೇ ಕಾಣುತ್ತದೆ. ಖಾಸಗಿತನದ ಬಗ್ಗೆ, ತುಕಡಿಯ ಒಗ್ಗಟ್ಟಿನ ಬಗ್ಗೆ ಆತಂಕಪಡುವವರನ್ನು ದ್ವೇಷಿಗಳೆಂದು ತಳ್ಳಿಹಾಕುವುದು ಅನ್ಯಾಯ.

ಉತ್ತರ ಕೊಡುವವರು ಬೇರೆ ದೇಶಗಳ ಅನುಭವಕ್ಕೆ ಹೋಗಬೇಕು. ಅಮೆರಿಕದಲ್ಲಿ, ಸಲಿಂಗಿಗಳು ಗುರುತನ್ನು ಮುಚ್ಚಿಟ್ಟರೆ ಮಾತ್ರ ಸೇನೆಯಲ್ಲಿರಬಹುದೆಂಬ ‘ಕೇಳಬೇಡ, ಹೇಳಬೇಡ’ ನೀತಿಯಡಿ 13,000ಕ್ಕೂ ಹೆಚ್ಚು ಮಂದಿ ಸೇವೆಯಿಂದ ಹೊರಬಿದ್ದರು. ಆ ನೀತಿ 2011ರ ಸೆಪ್ಟೆಂಬರ್ 20ರಂದು ಕೊನೆಗೊಂಡಿತು. ಅದಕ್ಕೂ ಮುಂಚೆ, 2010ರಲ್ಲಿ ಅಲ್ಲಿಯ ರಕ್ಷಣಾ ಇಲಾಖೆ ನಡೆಸಿದ ಸಮೀಕ್ಷೆಯಲ್ಲಿ, ಸಲಿಂಗಿಯೆಂದು ತಾವು ನಂಬಿದ್ದ ಸಹೋದ್ಯೋಗಿಯೊಡನೆ ದುಡಿದವರ ಪೈಕಿ ಶೇಕಡಾ 92ರಷ್ಟು ಮಂದಿ ತಮ್ಮ ತುಕಡಿಯ ಹೊಂದಾಣಿಕೆ ಚೆನ್ನಾಗಿತ್ತು ಅಥವಾ ಸಾಧಾರಣವಾಗಿತ್ತು ಎಂದಿದ್ದರು. ಯುದ್ಧಭೂಮಿಯ ತುಕಡಿಗಳಲ್ಲಿ ಆತಂಕ ಹೆಚ್ಚಿತ್ತೆಂಬುದನ್ನೂ ಮುಚ್ಚಿಡದೆ ಹೇಳಿ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಬ್ರಿಟನ್ನಿನ ದಾರಿ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ 1999ರ ತೀರ್ಪಿನ ನಂತರ 2000ದ ಜನವರಿಯಲ್ಲಿ ನಿಷೇಧವನ್ನು ತೆಗೆದ ಅವರು, ಗಂಡು ಹೆಣ್ಣು ಸಲಿಂಗಿ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ನಡತೆಯ ಸಂಹಿತೆಯನ್ನು ತಂದರು: ಯಾರದೇ ವರ್ತನೆಯಿಂದ ಪಡೆಯ ಕಾರ್ಯಕ್ಷಮತೆಗೆ ಧಕ್ಕೆಯಾಯಿತೇ ಎಂಬುದಷ್ಟೇ ಪ್ರಶ್ನೆ. ಇಕ್ಕಟ್ಟಾದ ಹಡಗಿನ ಆತಂಕಕ್ಕೆ ನೇರ ಉತ್ತರ ಇದರಲ್ಲಿದೆ, ಏಕೆಂದರೆ ಹಡಗಿನಲ್ಲಿ ಕಾಟ ಕೊಡುವವನು ಯಾರೇ ಆಗಿರಲಿ, ಅವನ ಮೇಲೆ ಕ್ರಮ ಕೈಗೊಳ್ಳಲು ನಿಯಮ ಸಿಗುತ್ತದೆ.

ಸಭಿಕರ ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಮಾತ್ರ ತೆಗೆದುಕೊಳ್ಳಿ. ಒಮ್ಮೆ ಅಭ್ಯಾಸದ ದಿನ, ನೋಟ್‌ಬುಕ್ಕಿನ ಗೆರೆಹಾಳೆಯನ್ನು ನಾಲ್ಕು ಮಡಿಕೆ ಮಾಡಿದ ಚೀಟಿಯೊಂದು ನನ್ನ ಕೈಗೆ ಬಂತು. ಅದರಲ್ಲಿ ಪ್ರಶ್ನೆ ಇರಲಿಲ್ಲ. ‘ಸ್ವಲ್ಪ ಮೆಲ್ಲಗೆ ಮಾತಾಡಿ’ ಎಂದಷ್ಟೇ ಬರೆದು, ‘ಮೆಲ್ಲಗೆ’ ಎಂಬುದರ ಕೆಳಗೆ ಎರಡು ಗೆರೆ ಎಳೆಯಲಾಗಿತ್ತು. ಇದು ತಮ್ಮದೇ ಬದುಕಿನ ಮಾತಾಗಿರುವವರೂ ಸಭೆಯಲ್ಲಿ ಇರಬಹುದು. ಆದ್ದರಿಂದ ಚೀಟಿಗಳನ್ನು ಒಬ್ಬರೇ ಓದಿ, ಅಕ್ಷರ ಯಾರದೆಂದು ಹುಡುಕಲು ಯಾರಿಗೂ ಬಿಡಬೇಡಿ, ಸಭೆ ಮುಗಿದ ದಿನವೇ ಎಲ್ಲವನ್ನೂ ಸುಟ್ಟುಬಿಡಿ.