ಮೊದ್ಲು ಪುಸ್ತಕ, ಆಮೇಲೆ ಇಂಜಿನ್: ಮಗಳ ಜೊತೆ 'ದಿ ರೈಲ್ವೆ ಚಿಲ್ಡ್ರನ್' ಓದಿ, ನೋಡಿದ ಅನುಭವ

ಮಕ್ಕಳ ಕಾದಂಬರಿ ಯಾವ್ದಾದ್ರೂ ನಾಟಕ ಆಗಿ ಬಂತು ಅಂದ್ರೆ ಮೊದ್ಲು ಪುಸ್ತಕ ಓದ್ಸೋದಾ, ಇಲ್ಲಾ ಸೀದಾ ನಾಟಕಕ್ಕೇ ಕರ್ಕೊಂಡು ಹೋಗಿಬಿಡೋದಾ ಅಂತ ಪರಿಚಯದ ಅಮ್ಮಂದಿರು ಆಗಾಗ ಕೇಳ್ತಿರ್ತಾರೆ. ಬೇರೆ ಪುಸ್ತಕಗಳ ಕಥೆ ಏನೋ ಗೊತ್ತಿಲ್ಲ, 'ದಿ ರೈಲ್ವೆ ಚಿಲ್ಡ್ರನ್' ವಿಷಯಕ್ಕೆ ಬಂದ್ರೆ ಮಾತ್ರ ನಂದು ಒಂದೇ ಮಾತು, ಪುಸ್ತಕ ಪೂರ್ತಿ ಮುಗಿಸಿ, ಕೊನೇ ಪುಟದ ಕೊನೇ ಸಾಲಿನ ತನಕ, ಆಮೇಲೆ ಟಿಕೆಟ್ ತಗೊಳ್ಳಿ.

ನಮ್ದು ಶುರುವಾಗಿದ್ದು 2015ರಲ್ಲಿ. ಆಗ ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ ಹಿಂದ್ಗಡೆ ಈ ನಾಟಕಕ್ಕೆ ಅಂತ್ಲೇ ಒಂದು ತಾತ್ಕಾಲಿಕ ಥಿಯೇಟರ್ ಕಟ್ಟಿದ್ರು, ಒಳಗೆ ನಿಜವಾದ ಹಳಿ, ನಿಜವಾದ ಇಂಜಿನ್ನು. ಟ್ಯೂಬ್ (ನೆಲದಡಿ ರೈಲು) ಸ್ಟೇಷನ್ನಲ್ಲಿ ಪೋಸ್ಟರ್ ನೋಡಿ ಮಗಳು ಈಗ್ಲೇ ಹೋಗೋಣ ಅಂತ ಹಠ. ಹೋಗೋಣ ಪುಟ್ಟಿ, ಆದ್ರೆ ಮೊದ್ಲು ಓದಿ ಮುಗಿಸೋಣ ಅಂದೆ. ಲೈಬ್ರರಿಯಿಂದ ಪುಸ್ತಕ ತಂದ್ವಿ. (ಕಾಪಿರೈಟ್ ಮುಗಿದು ಎಷ್ಟೋ ವರ್ಷ ಆಯ್ತು, ನೆಟ್ಟಲ್ಲಿ ಪುಕ್ಕಟೆ ಸಿಗತ್ತೆ, ಆದ್ರೆ ಮಲಗೋ ಹೊತ್ತಲ್ಲಿ ಫೋನ್ ಹಿಡ್ಕೊಂಡು ಮಗೂಗೆ ಓದಿ ಹೇಳೋದು ನನ್ನ ಕೈಲಾಗಲ್ಲ.)

ಇದನ್ನ ಬರೆದಿದ್ದು ಇ. ನೆಸ್ಬಿಟ್ ಅನ್ನೋ ಹೆಂಗಸು, 1905ರಲ್ಲಿ ಪತ್ರಿಕೇಲಿ ಧಾರಾವಾಹಿಯಾಗಿ ಬಂದು 1906ರಲ್ಲಿ ಪುಸ್ತಕ ಆಯ್ತು. ಮೂರು ಮಕ್ಕಳು, ರಾಬರ್ಟಾ, ಪೀಟರ್, ಫಿಲಿಸ್, ರಾಬರ್ಟಾನ ಎಲ್ಲರೂ ಬಾಬಿ ಅಂತಾರೆ. ಒಂದು ರಾತ್ರಿ ಇಬ್ಬರು ಗಂಡಸ್ರು ಮನೆಗೆ ಬಂದು ಅಪ್ಪನ್ನ ಕರ್ಕೊಂಡು ಹೋಗ್ತಾರೆ, ಯಾಕೆ ಎಲ್ಲಿಗೆ ಅಂತ ಅಮ್ಮ ಬಾಯೇ ಬಿಡಲ್ಲ. ಲಂಡನ್ನಿನ ಅನುಕೂಲದ ಮನೆ ಬಿಟ್ಟು ಹಳ್ಳೀಲಿ ರೈಲ್ವೆ ಲೈನ್ ಹತ್ರ ಒಂದು ಹಳೇ ಮನೆಗೆ ಬರ್ತಾರೆ, ಅಮ್ಮ ಕಥೆ ಬರ್ದು ಪತ್ರಿಕೆಗಳಿಗೆ ಕಳ್ಸಿ ಸಂಸಾರ ತೂಗಿಸ್ತಾಳೆ, ಯಾವ್ದಾದ್ರೂ ಕಥೆ ಒಪ್ಕೊಂಡ್ರೆ ಆವತ್ತು ಟೀ ಜೊತೆ ಬನ್ನು. ನೆಸ್ಬಿಟ್ಟೂ ಹಂಗೇ ಬರ್ದೂ ಬರ್ದೂ ಮನೆ ನಡೆಸಿದವಳು, ಅದಕ್ಕೇ ಆ ಬನ್ನಿನ ವಿಷಯ ಅಷ್ಟು ಸಲೀಸಾಗಿ ಬಂದಿದೆ ಅಂತ ನಂಗನ್ಸತ್ತೆ.

ನಾನು ಓದಿದ ರೀತಿ ಹೇಳ್ಬಿಡ್ತೀನಿ. ರಾತ್ರಿಗೆ ಅರ್ಧ ಅಧ್ಯಾಯ, ಅದಕ್ಕಿಂತ ಜಾಸ್ತಿ ಇಲ್ಲ. ಇಂಗ್ಲಿಷಲ್ಲಿ ಒಂದು ಪ್ಯಾರಾ ಜೋರಾಗಿ ಓದೋದು, ಎಲ್ಲಾದ್ರೂ ಮುಖ ಸಪ್ಪಗಾಯ್ತು ಅಂದ್ರೆ ಅಲ್ಲೇ ನಿಲ್ಸಿ ಕನ್ನಡದಲ್ಲಿ ಕಥೆ ಥರ ಹೇಳೋದು, ಮತ್ತೆ ಇಂಗ್ಲಿಷು. ನೂರು ವರ್ಷದ ಹಿಂದಿನ ಭಾಷೆ, ಉದ್ದುದ್ದ ವಾಕ್ಯ, ಆದ್ರೂ ಲೇಖಕಿ ನಡುನಡುವೆ ಓದೋರ ಹತ್ರ ನೇರವಾಗಿ ಮಾತಾಡ್ತಾಳೆ, ಪಕ್ಕದಲ್ಲಿ ಕೂತು ಹೇಳ್ದಂಗೆ, ಅದು ಮಕ್ಕಳಿಗೆ ಹಿಡ್ಸತ್ತೆ. ಆ ಮೂವರೂ ರೈಲುಗಳಿಗೆ ಹೆಸರಿಡ್ತಾರೆ, ಬೆಳಗ್ಗೆ 9.15ರ ಗಾಡಿ ಗ್ರೀನ್ ಡ್ರಾಗನ್, ದಿನಾ ಬೇಲಿ ಹತ್ರ ನಿಂತು ಅದಕ್ಕೆ ಕೈ ಬೀಸಿ ಅಪ್ಪಂಗೆ ನಮ್ಮ ಪ್ರೀತಿ ತಲುಪ್ಸು ಅಂತಾರೆ. ನಮ್ಮನೇಲಿ ಸ್ಕೂಲಿಗೆ ಹೋಗೋ ಬಸ್ಸಿಗೂ ಒಂದು ಹೆಸರು ಬಂತು, ಅದಿಲ್ಲಿ ಬೇಡ.

ಮಗಳಿಗೆ ತುಂಬಾ ಹಿಡಿಸಿದ್ದು ಕಲ್ಲಿದ್ದಲ ಕಳ್ಳತನದ ಅಧ್ಯಾಯ. ದುಡ್ಡಿಲ್ಲ ಅಂತ ಅಮ್ಮ ಬೆಂಕಿ ಹಾಕೋದು ಕಮ್ಮಿ ಮಾಡಿರ್ತಾಳೆ, ಚಳಿ. ಪೀಟರ್ ಸ್ಟೇಷನ್ ಅಂಗಳದಲ್ಲಿ ಗೋಡೆ ಥರ ಜೋಡಿಸಿಟ್ಟ ಕಲ್ಲಿದ್ದಲ ರಾಶಿ ನೋಡ್ತಾನೆ, ಅದರ ಮೇಲ್ಗಡೆ ಸುಣ್ಣದಲ್ಲಿ ಒಂದು ಬಿಳೀ ಗೆರೆ ಎಳ್ದಿರ್ತಾರೆ. ಯಾರಾದ್ರೂ ಎಗರಿಸಿದ್ರೆ ಗೊತ್ತಾಗ್ಲಿ ಅಂತ ಪೋರ್ಟರ್ ಪರ್ಕ್ಸ್ ಅವನಿಗೆ ಮೊದ್ಲೇ ಹೇಳಿರ್ತಾನೆ. ಆದ್ರೂ ಹುಡುಗ ಕದೀತಾನೆ, ಸಿಕ್ಕಿಹಾಕ್ಕೊಂಡಾಗ ಕೊಡೋ ಸಮಜಾಯಿಷಿ ಏನು ಗೊತ್ತಾ, ರಾಶಿಯ ನಡುವಿಂದ ತಗೊಂಡ್ರೆ ಅದು ಗಣಿಗಾರಿಕೆ, ಕಳ್ಳತನ ಅಲ್ಲ! ಮಗಳು ಈ ಲಾಜಿಕ್ಕನ್ನ ಮಾರನೇ ದಿನಾನೇ ಬಿಸ್ಕೆಟ್ ಡಬ್ಬಿ ಮೇಲೆ ಪ್ರಯೋಗ ಮಾಡಿದ್ಲು, ಮೇಲಿನ ಸಾಲು ಹಂಗೇ ಇತ್ತು.

ಗುಡ್ಡ ಕುಸಿಯೋ ಅಧ್ಯಾಯಕ್ಕೆ ಮಾತ್ರ ಅರ್ಧದ ನಿಯಮ ಮುರಿದು ಒಂದೇ ರಾತ್ರಿ ಪೂರ್ತಿ ಓದಿದ್ವಿ. ಕಾಡುಚೆರ್ರಿ ಕೀಳೋಕ್ಕೆ ಹೋದ ಮಕ್ಕಳ ಕಣ್ಣೆದುರಿಗೇ ಮರಗಳು ನಿಂತ ಭಂಗೀಲೇ ಕೆಳಗೆ ಜಾರ್ತಾ ಬರ್ತವೆ, ಫಿಲಿಸ್ ಅದನ್ನ ಮ್ಯಾಜಿಕ್ ಅಂದ್ಕೊಳ್ತಾಳೆ, ಆಮೇಲೆ ಧಡ್ ಅಂತ ಕಲ್ಲೂ ಮಣ್ಣೂ ಮರ ಎಲ್ಲಾ ಹಳಿ ಮೇಲೆ. 11.29ರ ಗಾಡಿ ಬರೋದಿದೆ. ಸ್ಟೇಷನ್ನಿಗೆ ಓಡಿ ಹೇಳೋಕ್ಕೆ ಟೈಮಿಲ್ಲ. ಹುಡುಗೀರಿಬ್ಬರೂ ಕೆಂಪು ಫ್ಲಾನೆಲ್ಲಿನ ಒಳಲಂಗ ಬಿಚ್ಚಿ ಕೊಡ್ತಾರೆ, ಹರ್ದು ಕಡ್ಡಿಗೆ ಸಿಕ್ಕಿಸಿ ಆರು ಬಾವುಟ. ಬಾಬಿ ಹಳಿ ಮೇಲೇ ನಿಂತು ಬೀಸ್ತಾಳೆ, ಇಂಜಿನ್ನು ಇಪ್ಪತ್ತು ಗಜಕ್ಕೂ ಕಮ್ಮಿ ದೂರದಲ್ಲಿ ನಿಲ್ಲತ್ತೆ. ಇಷ್ಟು ಎಲ್ಲರಿಗೂ ಗೊತ್ತಿರೋ ಸೀನು. ನಂಗೆ ಇಷ್ಟ ಆಗೋದು ಅದರ ಮುಂದಿನ ಸಾಲು: ಗಾಡಿ ನಿಂತ ಮೇಲೂ, ಉಳಿದಿಬ್ಬರು ಡ್ರೈವರ್ ಹತ್ರ ಓಡಿ ವಿಷಯ ಹೇಳ್ತಿದ್ರೂ ಬಾಬಿ ಬಾವುಟ ಬೀಸ್ತಾನೇ ಇರ್ತಾಳೆ, ಕೈ ಸೋತು ಸೋತು, ತಡವರಿಸ್ತಾ, ಆಮೇಲೆ ಹಳಿ ಮೇಲೇ ಬೀಳ್ತಾಳೆ. ಆ ಕೈ ನಿಲ್ಲದೇ ಇರೋದನ್ನ ಬರೀಬೇಕಂದ್ರೆ ಮಕ್ಕಳನ್ನ ಹತ್ರದಿಂದ ನೋಡಿರ್ಬೇಕು.

ಎಲ್ಲಾ ಚೆನ್ನಾಗಿದೆ ಅಂತಲ್ಲ. ಡಾಕ್ಟರು ಪೀಟರ್‌ನ ಕೂರಿಸ್ಕೊಂಡು ಹೆಣ್ಣುಮಕ್ಕಳು ಮೆತ್ತಗೆ, ದುರ್ಬಲ, ಗಂಡಸ್ರು ನೋಡಿ ನಡ್ಕೋಬೇಕು ಅಂತ ಉಪದೇಶ ಮಾಡೋ ಜಾಗ ಇದೆ. ನಾನು ಹಾರಿಸ್ದೇ ಓದ್ದೆ. ಹಂಗಾದ್ರೆ ರೈಲು ನಿಲ್ಸಿದ್ದು ಯಾರಂತೆ ಅಂದ್ಲು ಮಗಳು, ಅಲ್ಲಿಗೆ ಡಾಕ್ಟರ ಕಥೆ ಮುಗೀತು.

ದೊಡ್ಡೋರಿಗೆ ಅಂತ್ಲೇ ಅಡೀಲಿ ಇನ್ನೊಂದು ಕಥೆ ಹರೀತಿರತ್ತೆ. ಅಪ್ಪನ ಮೇಲಿರೋ ಆರೋಪ ರಷ್ಯಾದೋರಿಗೆ ಸರ್ಕಾರದ ಗುಟ್ಟು ಮಾರಿದ ಅಂತ. ಫ್ರಾನ್ಸಿನ ಸೈನ್ಯದ ಅಧಿಕಾರಿ ಡ್ರೇಫಸ್‌ಗೆ 1894ರಲ್ಲಿ ಹಿಂಗೇ ಸುಳ್ಳು ಬೇಹುಗಾರಿಕೆ ಕೇಸಲ್ಲಿ ಶಿಕ್ಷೆ ಆಗಿ ಕೊನೆಗೆ ನಿರ್ದೋಷಿ ಅಂತ ತೀರ್ಪು ಬಂದಿದ್ದು 1906ರಲ್ಲಿ, ಪುಸ್ತಕ ಬಂದ ವರ್ಷಾನೇ. ಇನ್ನೊಂದು ಅಧ್ಯಾಯದಲ್ಲಿ ಸ್ಟೇಷನ್ನಿಗೆ ಬಂದು ಬೀಳೋ ರಷ್ಯನ್ ಲೇಖಕ, ಬಡವರ ಬಗ್ಗೆ ಪುಸ್ತಕ ಬರ್ದಿದ್ದಕ್ಕೆ ಸೈಬೀರಿಯಾಗೆ ಕಳಿಸಿಕೊಂಡವನು. ನೆಸ್ಬಿಟ್ಟು, ಅವಳ ಗಂಡ ಹ್ಯೂಬರ್ಟ್ ಬ್ಲ್ಯಾಂಡು 1884ರಲ್ಲಿ ಫೇಬಿಯನ್ ಸೊಸೈಟಿ ಅನ್ನೋ ಸಮಾಜವಾದಿಗಳ ಸಂಘ ಶುರು ಮಾಡಿದೋರ ಪೈಕಿ, ರಷ್ಯಾದಿಂದ ಓಡಿಬಂದ ಸ್ಟೆಪ್ನಿಯಾಕ್ ಅನ್ನೋ ಕ್ರಾಂತಿಕಾರಿ ಲೇಖಕ ಅವಳಿಗೆ ಸ್ನೇಹಿತ, ಅವನು 1895ರಲ್ಲಿ ಲಂಡನ್ನಿನ ಚಿಸ್ವಿಕ್ ಕಡೆ ಹಳಿ ದಾಟ್ತಾ ರೈಲಿಗೆ ಸಿಕ್ಕಿ ಸತ್ತ. ಇದನ್ನೆಲ್ಲ ಮಗಳಿಗೆ ಹೇಳಿಲ್ಲ, ದೊಡ್ಡೋಳಾದ್ಮೇಲೆ ಓದ್ಕೊಳ್ತಾಳೆ.

ಈಗ ಯಾಕೆ ಪುಸ್ತಕ ಮೊದ್ಲು ಅನ್ನೋದಕ್ಕೆ ಬರ್ತೀನಿ. ಹತ್ತನೇ ಅಧ್ಯಾಯದಲ್ಲಿ ಪರ್ಕ್ಸ್ ಕೊಟ್ಟ ಹಳೇ ಮ್ಯಾಗಜೀನ್ ಕಟ್ಟಿಗೆ ಸುತ್ತಿದ ಪೇಪರಲ್ಲಿ ಬಾಬಿ ಅಪ್ಪನ ಸುದ್ದಿ ಓದ್ತಾಳೆ, ಐದು ವರ್ಷ ಕಠಿಣ ಸಜೆ. ನಾನು ಆ ಪುಟ ಓದಿ ಸುಮ್ನಾದೆ. ಮಗಳು ಕೇಳಿದ್ದು ಅಪ್ಪನ ಬಗ್ಗೆ ಅಲ್ಲ, ಅಮ್ಮಂಗೆ ಇಷ್ಟು ದಿನಾನೂ ಗೊತ್ತಿತ್ತಾ ಅಂತ. ಕೇಳಿದೋಳು ಪುಸ್ತಕ ಕಿತ್ಕೊಂಡು ಹಿಂದಕ್ಕೆ ಹಿಂದಕ್ಕೆ ಪುಟ ತಿರುಗಿಸಿದ್ಲು, ಅಮ್ಮ ಎಲ್ಲೆಲ್ಲಿ ಮಾತು ತಿರುಗಿಸಿದ್ಲು, ಎಲ್ಲೆಲ್ಲಿ ಇದನ್ನ ಕೇಳ್ಬೇಡಿ ಅಂದ್ಲು, ಒಂದೊಂದೇ ಹುಡುಕಿ ಇಲ್ನೋಡು ಇಲ್ನೋಡು ಅಂತ ತೋರಿಸಿದ್ಲು. ನಾಟಕದಲ್ಲಿ ಹಿಂಗೆ ಹಿಂದಕ್ಕೆ ಹೋಗೋಕ್ಕಾಗಲ್ಲ, ಅದು ಮುಂದಕ್ಕೆ ಓಡ್ತಿರತ್ತೆ. ಮೊದ್ಲೇ ನಾಟಕ ನೋಡಿಬಿಟ್ಟಿದ್ರೆ ಅವಳಿಗೆ ಗುಟ್ಟು ಗೊತ್ತಿರ್ತಿತ್ತು, ಈ ಹುಡುಕಾಟ ಸಿಗ್ತಿರ್ಲಿಲ್ಲ.

ಇನ್ನೊಂದು ಕಾರಣ ಕೊನೇ ಅಧ್ಯಾಯ. 11.54ರ ಗಾಡಿ ಸ್ಟೇಷನ್ನಿಗೆ ಬರತ್ತೆ, ಬಾಬಿ ಯಾಕೆ ಬಂದೆ ಅಂತ ತನಗೇ ಗೊತ್ತಿಲ್ದೆ ಪ್ಲಾಟ್‌ಫಾರ್ಮಲ್ಲಿ ನಿಂತಿದಾಳೆ. ಇಳಿಯೋರು ಮೂವರೇ. ಮೊದಲ್ನೆಯವನು ಹಳ್ಳಿಯವನು, ಎರಡು ಬುಟ್ಟಿ ತುಂಬ ಜೀವಂತ ಕೋಳಿ, ಅವು ಬಿದಿರ ಕಂಡಿಯಿಂದ ಕತ್ತು ಆಚೆ ಹಾಕಿ ಗಾಬ್ರೀಲಿ ನೋಡ್ತಿವೆ. ಎರಡನೇಯವ್ರು ಅಂಗಡಿಯವನ ಹೆಂಡತಿ ಕಡೆ ನೆಂಟ್ರು, ತಗಡಿನ ಪೆಟ್ಟಿಗೆ, ಮೂರು ಗಂಟು. ಮೂರನೇಯವ್ರು... ಇಲ್ಲಿ ನಾನು ಬೇಕಂತ್ಲೇ ನಿಲ್ಸಿದೆ, ಮಗಳು ನನ್ನ ಕೈ ಚಿವುಟಿದ್ಲು. ಅಪ್ಪ ಬರೋ ಹೊತ್ತಲ್ಲಿ ಆ ಕೋಳಿ ಬುಟ್ಟಿ ತಂದಿಟ್ಟಿದಾಳಲ್ಲ ನೆಸ್ಬಿಟ್ಟು, ಅದಕ್ಕೆ ಕೈ ಮುಗೀಬೇಕು. ಆಮೇಲೆ ಅಪ್ಪ ಮನೆ ಒಳಗೆ ಹೋದ್ಮೇಲೆ ಲೇಖಕಿ, ಬನ್ನಿ ನಾವು ಇಲ್ಲಿಂದ ಹೊರಟುಬಿಡೋಣ, ಅವರಿಗೀಗ ನಾವು ಬೇಕಾಗಿಲ್ಲ ಅನ್ನೋ ಅರ್ಥದಲ್ಲಿ ಹೇಳಿ ನಮ್ಮನ್ನೂ ಕರ್ಕೊಂಡು ಆಚೆ ಬಂದುಬಿಡ್ತಾಳೆ. ಮಗಳಿಗೆ ಕೆಟ್ಟ ಕೋಪ, ಒಳಗೆ ಏನಾಯ್ತು ಅಂತ ಹೇಳ್ಬೇಕಿತ್ತು ಅಂತ.

ಆ ಕೋಪ ಇಟ್ಕೊಂಡೇ ಥಿಯೇಟರಿಗೆ ಹೋದ್ವಿ. ನಾಟಕರೂಪ ಮೈಕ್ ಕೆನ್ನಿ ಅವ್ರದ್ದು, ನಿರ್ದೇಶನ ಡೇಮಿಯನ್ ಕ್ರೂಡನ್. ಯಾರ್ಕ್ ಥಿಯೇಟರ್ ರಾಯಲ್ ಇದನ್ನ ಮೊದ್ಲು ಮಾಡಿದ್ದು 2008ರಲ್ಲಿ, ಯಾರ್ಕಿನ ರೈಲ್ವೆ ಮ್ಯೂಸಿಯಮ್ಮಲ್ಲಿ, ಆಮೇಲೆ ಲಂಡನ್ನಿನ ವಾಟರ್ಲೂ ಸ್ಟೇಷನ್ನಲ್ಲಿ ಯೂರೋಸ್ಟಾರ್ ಬಿಟ್ಟುಹೋದ ಪ್ಲಾಟ್‌ಫಾರ್ಮಲ್ಲಿ ಆಡಿದ್ರು, 2011ರಲ್ಲಿ ಲಂಡನ್ನಿನ ನಾಟಕಗಳಿಗೆ ಕೊಡೋ ಒಲಿವಿಯರ್ ಪ್ರಶಸ್ತೀನೂ ಬಂತು. ನಡುವೆ ಹಳಿ, ಎರಡು ಕಡೆ ಪ್ಲಾಟ್‌ಫಾರ್ಮು, ಪ್ರೇಕ್ಷಕರು ಅದರ ಹಿಂದೆ ಎದುರುಬದರು ಕೂರ್ತಾರೆ. ಅಡುಗೆಮನೆ, ಊಟದ ಮೇಜು ಎಲ್ಲಾ ಚಕ್ರದ ಕಟ್ಟೆಗಳ ಮೇಲೆ ಹಳಿ ಉದ್ದಕ್ಕೂ ತಳ್ಕೊಂಡು ಬರ್ತಾರೆ, ತಳ್ಳೋರು ಕಣ್ಣಿಗೆ ಕಾಣ್ತಾರೆ, ಮುಚ್ಚಿಡಲ್ಲ. ಮಕ್ಕಳ ಪಾತ್ರ ಮಾಡೋರು ದೊಡ್ಡೋರೇ, ನಾವು ಚಿಕ್ಕವರಿದ್ದಾಗ ಹಿಂಗಾಯ್ತು ಅಂತ ನೆನಪು ಮಾಡ್ಕೊಂಡು ಹೇಳೋದು, ಅಲ್ಲ ಹಂಗಲ್ಲ ಆಗಿದ್ದು ಅಂತ ಒಬ್ಬರಿಗೊಬ್ಬರು ಜಗಳ. ಮೊದ್ಲು ಹತ್ತು ನಿಮಿಷ ನಂಗೆ ಒಗ್ಗಲಿಲ್ಲ, ಮಗಳಿಗೆ ಒಂದು ಕ್ಷಣಾನೂ ಬೇಕಾಗ್ಲಿಲ್ಲ.

ಇಂಜಿನ್ ಬರೋದು ಆ ಗುಡ್ಡ ಕುಸಿಯೋ ಸೀನಲ್ಲೇ, ಇಂಟರ್ವಲ್ಲಿಗೆ ಮುಂಚೆ. ಕಿಂಗ್ಸ್ ಕ್ರಾಸಲ್ಲಿ ಇದ್ದಿದ್ದು 1893ರ 563ನೇ ನಂಬರ್ ಇಂಜಿನ್ನು, ಲಂಡನ್ ಅಂಡ್ ಸೌತ್ ವೆಸ್ಟರ್ನ್ ರೈಲ್ವೇದು. ಕೆಂಪು ಬಾವುಟ, ಕತ್ತಲು, ಬಿಳೀ ಹೊಗೆ, ಆ ಹೊಗೆಯೊಳಗಿಂದ ಕಪ್ಪಗೆ ಎತ್ತರಕ್ಕೆ ಅದು ಬಂದು ನಿಂತಾಗ ಪಕ್ಕದ ಸೀಟಿನ ಅಜ್ಜ ಎದ್ದು ನಿಂತುಬಿಟ್ರು. ನಿಜ ಹೇಳ್ಬೇಕಂದ್ರೆ ಅದರಲ್ಲಿ ಬೆಂಕಿ ಇರಲ್ಲ, ಹಿಂದಿನಿಂದ ಇನ್ನೊಂದು ಗಾಡಿ ತಳ್ಳತ್ತೆ. ನಾನು ಅರಸೀಕೆರೆಯವಳು, ಮೀಟರ್ ಗೇಜ್ ಕಾಲದಲ್ಲಿ ಉಗಿಬಂಡಿ ನೋಡ್ಕೊಂಡು ಬೆಳೆದೋಳು, ಕಣ್ಣಿಗೆ ಕಲ್ಲಿದ್ದಲ ಕಣ ಬಿದ್ದು ಉಜ್ಕೊಂಡಿದ್ದು ಇನ್ನೂ ನೆನಪಿದೆ, ಇಲ್ಲಿ ಹೊಗೆ ಇತ್ತು ವಾಸನೆ ಇರ್ಲಿಲ್ಲ, ಅದೊಂದು ಕಮ್ಮಿ ಅನ್ನಿಸ್ತು. ಪುಸ್ತಕ ಕೊಡೋಕ್ಕಾಗದೇ ಇರೋದು ಇಲ್ಲಿ ಸಿಕ್ತು ಅದು ಮಾತ್ರ ಹೌದು: ಆ ಕಬ್ಬಿಣದ ಗಾತ್ರದ ಮುಂದೆ ಹುಡುಗಿ ಎಷ್ಟು ಚಿಕ್ಕೋಳು ಅಂತ. ಕೈ ನಿಲ್ಲದೇ ಬೀಸೋದನ್ನ ಮಾತ್ರ ಪುಟದಲ್ಲೇ ನೋಡ್ಬೇಕು, ಇಲ್ಲಿ ಎಲ್ಲರ ಕಣ್ಣೂ ಇಂಜಿನ್ ಮೇಲೆ.

ಕೊನೇ ಸೀನಲ್ಲಿ ಹಬೆ ತೆಳ್ಳಗಾಗಿ ಅಪ್ಪ ಕಂಡಾಗ ಸುತ್ತ ಎಲ್ಲರೂ ಮೂಗೊರೆಸ್ಕೋತಿದ್ರು, ನಾನೂ. ಮಗಳು ಅಳಲಿಲ್ಲ, ಕೋಳಿ ಎಲ್ಲಿ ಅಂತ ಪಿಸುಗುಟ್ಟಿದ್ಲು. ನಂಗೂ ಅವಳದ್ದೇ ಅಭಿಪ್ರಾಯ, ಕೊನೆ ಮಟ್ಟಿಗೆ ಪುಸ್ತಕಾನೇ ಗೆಲ್ಲತ್ತೆ.

ಸಿನಿಮಾ ಬಗ್ಗೆ ಕೇಳ್ತೀರ ಅಂತ ಗೊತ್ತು. 1970ರದ್ದು ಚೆನ್ನಾಗಿದೆ, ಕೊನೇಲಿ ನೋಡಿ. ಪುಸ್ತಕದಲ್ಲಿ ಆ ಊರು ಇಂಥ ಕಡೆ ಅಂತ ಹೇಳಿಲ್ಲ, ಯಾರ್ಕ್‌ಶೈರಿನ ಓಕ್‌ವರ್ತ್ ಸ್ಟೇಷನ್ನಲ್ಲಿ ಶೂಟಿಂಗ್ ಮಾಡಿದ್ಮೇಲೆ ಎಲ್ಲರ ತಲೇಲೂ ಅದು ಯಾರ್ಕ್‌ಶೈರಿನ ಕಥೆ ಆಗೋಯ್ತು. 2025ರ ಬೇಸಿಗೇಲಿ ಅದೇ ಲೈನಲ್ಲಿ, ಪ್ರೇಕ್ಷಕರನ್ನ ಕೀತ್ಲಿಯಿಂದ ಉಗಿಬಂಡೀಲೇ ಆಕ್ಸನ್‌ಹೋಪಿಗೆ ಕರ್ಕೊಂಡು ಹೋಗಿ ಇದೇ ನಾಟಕ ಆಡಿದ್ರು. ಕಿಂಗ್ಸ್ ಕ್ರಾಸಿಂದು 2017ರ ಜನವರೀಲಿ ಮುಗೀತು, 563 ಹಳೇ ಉಗಿಬಂಡಿ ಓಡಿಸೋ ಸ್ವಾನೇಜ್ ರೈಲ್ವೆಯೋರ ಕೈಗೆ ಹೋಗಿ ರಿಪೇರಿ ಆಗಿ 2023ರಲ್ಲಿ ನಿಜವಾದ ಬೆಂಕೀಲಿ ಮತ್ತೆ ಓಡ್ತು. ಮಗಳಿಗೆ ಈಗ ಇಂಜಿನ್ ಹುಚ್ಚಿಲ್ಲ, ಚಿಕ್ಕವನಿಗೆ ಪುಸ್ತಕ ಶುರು ಮಾಡಿದೀನಿ, ಅವನು ಕಲ್ಲಿದ್ದಲ ಅಧ್ಯಾಯ ಬಿಟ್ಟು ಮುಂದಕ್ಕೆ ಹೋಗೋಕ್ಕೇ ಬಿಡ್ತಿಲ್ಲ.